ಒಂದು ವಾಷರಿನಷ್ಟು ಸಮಾಜಸೇವೆ

ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ, ರಾಯಚೂರು, ಯಾದಗಿರಿಯ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕವೆಂದರೆ ಈಗ ಗುಡಿ, ಶಾಲೆಗಳಷ್ಟೇ ಪರಿಚಿತವಾದ ಕಟ್ಟಡ. ತಗಡಿನ ಶೆಡ್ಡು, ನಾಣ್ಯ ಹಾಕುವ ಪೆಟ್ಟಿಗೆ, ಇಪ್ಪತ್ತು ಲೀಟರಿನ ಕ್ಯಾನು ಇಡಲು ಒಂದು ಕಟ್ಟೆ, ಗೋಡೆಯ ಮೇಲೆ ಗ್ರಾನೈಟಿನ ಫಲಕ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಸೀಮೆಯಲ್ಲಿ ಈ ಘಟಕ ನಿಂತುಹೋದರೆ ಅದು ಸಣ್ಣ ಸಂಗತಿಯಲ್ಲ. ಆದರೂ ನಿಲ್ಲುತ್ತವೆ, ಕೆಟ್ಟು ನಿಂತ ಘಟಕಗಳ ಸುದ್ದಿ ಬೇಸಿಗೆ ಬಂದಾಗಲೆಲ್ಲ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಇದ್ದೇ ಇರುತ್ತದೆ. ಅವು ಕೆಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೊಳವೆಬಾವಿಯ ನೀರು ಮೊದಲು ಮರಳಿನ ತೊಟ್ಟಿ, ಆಮೇಲೆ ಇದ್ದಿಲಿನ ತೊಟ್ಟಿ ದಾಟಿ, ಬಿಳಿ ನೂಲಿನ ಉಂಡೆಯಂತಿರುವ ಕಾರ್ಟ್ರಿಜ್‌ನಲ್ಲಿ ಸೋಸಿಕೊಂಡು, ಕೊನೆಗೆ ಭಾರಿ ಒತ್ತಡದಲ್ಲಿ ಮೆಂಬ್ರೇನ್ ಎಂಬ ಪೊರೆಯೊಳಕ್ಕೆ ನುಗ್ಗುತ್ತದೆ. ಮರಳಿನ ತೊಟ್ಟಿಗೆ ಆಗಾಗ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಬೇಕು. ಅದಕ್ಕೆ ಒಂದು ಹಿಡಿ ತಿರುಗಿಸಿದರಾಯಿತು. ಬಿಳಿಯ ಕಾರ್ಟ್ರಿಜ್ ಕಂದುಬಣ್ಣಕ್ಕೆ ತಿರುಗಿದಾಗ ಬದಲಿಸಬೇಕು. ಸೋಸುವ ಭಾಗದ ಹಿಂದೊಂದು ಮುಂದೊಂದು ಗೇಜು ಇರುತ್ತದೆ. ಎರಡರ ಮುಳ್ಳುಗಳು ತೋರುವ ಒತ್ತಡದ ವ್ಯತ್ಯಾಸ ಹೆಚ್ಚಿತೆಂದರೆ ಒಳಗೆ ಕೊಳೆ ಕಟ್ಟಿದೆ ಎಂದೇ ಅರ್ಥ. ಇಷ್ಟನ್ನು ನೋಡುವವರಿಲ್ಲದೆ ಹೋದರೆ, ಅಗ್ಗದ ಕಾರ್ಟ್ರಿಜ್ ಬದಲಿಸದ ತಪ್ಪಿಗೆ ದುಬಾರಿಯ ಮೆಂಬ್ರೇನ್ ದಂಡ ತೆರುತ್ತದೆ. ಆಮೇಲೆ ಬಾಗಿಲಿಗೆ ಬೀಗ. ಫಲಕದ ಮೇಲೆ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು ಎಲ್ಲರ ಹೆಸರೂ ಇದೆ. ಆ ಎರಡು ಮುಳ್ಳುಗಳನ್ನು ಓದಬಲ್ಲವರು ಊರಿನಲ್ಲಿ ಯಾರು ಎಂಬುದು ಮಾತ್ರ ಎಲ್ಲಿಯೂ ಬರೆದಿಲ್ಲ.

ಊರಿಗೆ ಏನಾದರೂ ಮಾಡಬೇಕೆಂಬ ಹಂಬಲ ನಮ್ಮಲ್ಲಿ ಕಡಿಮೆಯೇನಿಲ್ಲ. ಹುಟ್ಟುಹಬ್ಬಕ್ಕೆ ಅನಾಥಾಲಯದಲ್ಲಿ ಊಟ ಹಾಕಿಸುತ್ತೇವೆ, ಸರ್ಕಾರಿ ಶಾಲೆಯ ಮಕ್ಕಳಿಗೆ ನೋಟ್‌ಬುಕ್ಕು ಹಂಚುತ್ತೇವೆ, ಹೊರದೇಶದಲ್ಲಿರುವವರು ಹುಟ್ಟೂರಿನ ಶಾಲೆಗೆ ಕಂಪ್ಯೂಟರ್ ಕೊಡಿಸುತ್ತಾರೆ. ಈ ಹಂಬಲದ ಪಕ್ಕದಲ್ಲೇ, ಅಷ್ಟು ಗಟ್ಟಿಯಾಗಿ ಹೇಳಿಕೊಳ್ಳದ ಇನ್ನೊಂದು ಆಸೆಯೂ ಓದಿದವರಲ್ಲಿ ಇಣುಕುತ್ತಿರುತ್ತದೆ: ನನಗೆ ಒಂದು ಕೈಕೆಲಸ ಬಂದಿದ್ದರೆ ಎಷ್ಟು ಚೆನ್ನಾಗಿತ್ತು, ನಲ್ಲಿ ಕಟ್ಟಲು, ವೈರಿಂಗ್ ನೋಡಲು, ಸೈಕಲ್ಲಿನ ಪಂಕ್ಚರ್ ಹಾಕಲು ಬಂದಿದ್ದರೆ ನಾಲ್ಕು ಜನಕ್ಕೆ ನಿಜವಾಗಿ ಒದಗಬಹುದಿತ್ತು ಎಂಬ ಆಸೆ. ಇದನ್ನು ನಾವು ಮಧ್ಯಮವರ್ಗದ ಹಗಲುಗನಸೆಂದು ತಳ್ಳಿಹಾಕುತ್ತೇವೆ. ನನ್ನ ವಾದ ಇದರ ವಿರುದ್ಧ ದಿಕ್ಕಿನದು. ನಮ್ಮ ಸೇವೆಯ ಕಲ್ಪನೆಯಲ್ಲಿರುವ ಒಂದು ದೊಡ್ಡ ಕೊರತೆಯನ್ನು ಈ ಆಸೆ ಸರಿಯಾಗಿಯೇ ಗುರುತಿಸಿದೆ. ಸೇವೆಯೆಂದರೆ ಹೊಸದನ್ನು ಕೊಡುವುದು ಎಂದು ತಿಳಿದಿದ್ದೇವೆ; ಇರುವುದನ್ನು ನಡೆಯುವಂತೆ ಇಡುವುದು ಅದಕ್ಕಿಂತ ಕಷ್ಟದ, ಅದಕ್ಕಿಂತ ಅಗತ್ಯದ ಸೇವೆ. ಮೊದಲನೆಯದಕ್ಕೆ ಹಣ ಸಾಕು. ಎರಡನೆಯದಕ್ಕೆ ಕೈಯಲ್ಲಿ ವಿದ್ಯೆ ಬೇಕು, ಮತ್ತೆ ಮತ್ತೆ ಹೋಗಿ ನೋಡುವ ತಾಳ್ಮೆ ಬೇಕು. ನೆರೆ ಬಂದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಪರಿಹಾರ ಕೇಂದ್ರಗಳಲ್ಲಿ ಹಳೆಯ ಬಟ್ಟೆ ರಾಶಿ ಬೀಳುತ್ತದೆ. ಆದರೆ ಕೆಸರು ತುಂಬಿದ ಮನೆಗೆ ಮರಳುವ ಕುಟುಂಬಕ್ಕೆ ಆಗ ಬೇಕಾಗುವುದು ಒದ್ದೆ ಗೋಡೆಯ ವೈರಿಂಗ್ ಪರೀಕ್ಷಿಸಿ ಮೇನ್ ಹಾಕಬಹುದು ಎಂದು ಹೇಳಬಲ್ಲ ಒಬ್ಬ ಮನುಷ್ಯ. 2018ರ ಮಹಾಪೂರದ ನಂತರ ಕೇರಳದಲ್ಲಿ ಐಟಿಐ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಮನೆಮನೆಗೆ ಹೋಗಿ ವೈರಿಂಗ್, ಪ್ಲಂಬಿಂಗ್, ಮರಗೆಲಸದ ರಿಪೇರಿ ಮಾಡಿಕೊಟ್ಟರು. ಅದೇ ಆಗಸ್ಟಿನಲ್ಲಿ ಕೊಡಗು ಕುಸಿದಿತ್ತು. ಮರುವರ್ಷ ಕೃಷ್ಣೆಯ ದಡದ ಊರುಗಳು ಮುಳುಗಿದವು. ಮರುಕ ಎಲ್ಲ ಕಡೆಯೂ ಇತ್ತು. ಕೆಲಸ ಬಲ್ಲ ಕೈಗಳು ಎಲ್ಲಿ ಸಂಘಟಿತವಾಗಿದ್ದವೋ ಅಲ್ಲಿ ಆ ಮರುಕ ಹೆಚ್ಚು ದೂರ ಹೋಯಿತು.

ಉಳಿಸಿಕೊಳ್ಳುವುದಕ್ಕೆ ಮರ್ಯಾದೆ ಕೊಡುವುದು ನಮಗೆ ಹೊಸ ಪಾಠವೇನಲ್ಲ. ಕನ್ನಡ ಶಾಸನಗಳನ್ನು ಓದಿದವರಿಗೆಲ್ಲ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಬಾಯಿಪಾಠವಾಗಿರುತ್ತದೆ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು ಸರಿಪಡಿಸಲಿಕ್ಕೆಂದು ದೇಗುಲ, ಬಸದಿಗಳಿಗೆ ಭೂಮಿ ಬಿಡುವಾಗ ಬಳಸುತ್ತಿದ್ದ ಮಾತು ಅದು. ಗಮನಿಸಬೇಕಾದದ್ದು ಅದರ ಮುಂದಾಲೋಚನೆಯನ್ನು. ಕಲ್ಲಿನ ಕಟ್ಟಡವೂ ಬಿರಿಯುತ್ತದೆ ಎಂಬುದನ್ನು ಕಟ್ಟಿಸಿದವರೇ ಒಪ್ಪಿಕೊಂಡು, ಬಿರಿದಾಗ ಯಾವ ಗದ್ದೆಯ ಆದಾಯದಿಂದ ಸರಿಪಡಿಸಬೇಕು ಎಂಬುದನ್ನು ಕಲ್ಲಿನ ಮೇಲೇ ಬರೆಸುತ್ತಿದ್ದರು. ಕೆರೆಗಳ ವಿಷಯದಲ್ಲಿ ಈ ವ್ಯವಸ್ಥೆ ಇನ್ನೂ ಗಟ್ಟಿಯಾಗಿತ್ತು. ಕೆರೆ ಕಟ್ಟಿಸಿದವರಿಗೂ ಕೆಟ್ಟ ಕೆರೆಯನ್ನು ಸರಿಮಾಡಿಸಿದವರಿಗೂ ಕಟ್ಟುಕೊಡಗೆಯ ಭೂಮಿ ಸಿಗುತ್ತಿತ್ತು. ಹೂಳೆತ್ತಿ ಏರಿಗೆ ಮಣ್ಣು ಹಾಕುವ ಬಂಡಿಗಳ ಖರ್ಚಿಗೂ ದತ್ತಿ ಬಿಟ್ಟ ಶಾಸನಗಳಿವೆ. ಅನೇಕ ಶಾಸನಗಳ ಕೊನೆಯಲ್ಲಿ ಬರುವ ಶ್ಲೋಕವೊಂದು ದಾನ ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದು ಹೆಚ್ಚು ಎಂದು ಸಾರುತ್ತದೆ. ಅದು ಮುಖ್ಯವಾಗಿ ದತ್ತಿ ಕಸಿಯಬೇಡಿ ಎಂದು ಮುಂದಿನ ಅರಸರಿಗೆ ಹೇಳಿದ ಬುದ್ಧಿಮಾತು, ನಿಜ. ಆದರೆ ಕಟ್ಟಿದವನ ಕೀರ್ತಿಗಿಂತ ಕಾಯ್ದವನ ಪುಣ್ಯ ದೊಡ್ಡದೆಂಬ ಮೌಲ್ಯವಿಲ್ಲದ ಸಮಾಜದಲ್ಲಿ ಅಂಥ ಮಾತಿಗೆ ಬೆಲೆ ಬರುತ್ತಿರಲಿಲ್ಲ. ತೂಬು ಎತ್ತಿ ಇಳಿಸಿ, ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಟ್ಟು, ಕಾಲುವೆ ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಹೆಸರು ಇವತ್ತಿಗೂ ಗ್ರಾಮ ಪಂಚಾಯಿತಿಯ ಹುದ್ದೆಯಾಗಿ ಉಳಿದಿದೆ. ಪದ ಉಳಿಯಿತು. ಅದರ ಹಿಂದಿದ್ದ ಗೌರವ ಮತ್ತು ಆದಾಯ ಎಷ್ಟು ಉಳಿದಿದೆ ಎಂಬುದನ್ನು ಯಾವ ನೀರುಗಂಟಿಯನ್ನು ಕೇಳಿದರೂ ಹೇಳುತ್ತಾನೆ.

ಹಳೆಯ ಕಾಲದ ಮಾತು ಸಾಕೆಂದರೆ, ಮೊನ್ನೆಮೊನ್ನೆಯ ಕೈಪಂಪಿನ ಕತೆಯನ್ನೇ ನೋಡಬಹುದು. 1967ರ ಬಿಹಾರದ ಬರದ ನಂತರ ಯುನಿಸೆಫ್‌ನ ನೆರವಿನಿಂದ ಗಟ್ಟಿಬಂಡೆ ಕೊರೆಯುವ ರಿಗ್ಗುಗಳು ದೇಶಕ್ಕೆ ಬಂದು ಊರೂರಿಗೆ ಕೊಳವೆಬಾವಿ ತೋಡಿದವು. ಬಾವಿಯ ಮೇಲೆ ಕೂರಿಸಿದ ಎರಕದ ಕಬ್ಬಿಣದ ಪಂಪುಗಳು ಯುರೋಪು, ಅಮೆರಿಕದಲ್ಲಿ ಒಂದೊಂದು ಮನೆಯವರು ಬಳಸುತ್ತಿದ್ದ ಪಂಪುಗಳ ನಕಲು. ಇಡೀ ಊರು ಬೆಳಗಿನಿಂದ ರಾತ್ರಿಯವರೆಗೆ ಹೊಡೆಯುತ್ತಿದ್ದರೆ ಅವು ತಾಳಿಯಾವು ಹೇಗೆ? 1970ರ ದಶಕದ ನಡುವಿನ ಹೊತ್ತಿಗೆ ಬಹುಪಾಲು ಪಂಪುಗಳು ಕೆಟ್ಟುನಿಂತಿದ್ದವು. ಕೋಟಿಗಟ್ಟಲೆ ರೂಪಾಯಿಯ ಪರೋಪಕಾರ ತುಕ್ಕು ಹಿಡಿಯುತ್ತಿತ್ತು. ದಾರಿ ತೋರಿಸಿದ್ದು ನಮ್ಮ ಗಡಿಯಾಚೆಯ ಸೋಲಾಪುರದಲ್ಲಿ, ಎಂಜಿನಿಯರಿಂಗ್ ಪದವಿಯಿಲ್ಲದೆ ಸ್ವಂತವಾಗಿ ಕೆಲಸ ಕಲಿತ ಒಬ್ಬ ಮೆಕ್ಯಾನಿಕ್ ರೂಪಿಸಿದ್ದ ಉಕ್ಕಿನ ಪಂಪು. ಅದನ್ನೇ ತಳಹದಿಯಾಗಿಟ್ಟುಕೊಂಡು ಸರ್ಕಾರ, ಯುನಿಸೆಫ್ ಮತ್ತು ರಿಚರ್ಡ್‌ಸನ್ ಅಂಡ್ ಕ್ರುಡ್ಡಾಸ್ ಕಾರ್ಖಾನೆ ಸೇರಿ ‘ಇಂಡಿಯಾ ಮಾರ್ಕ್ 2’ ಪಂಪನ್ನು ತಂದವು. ಅದು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ದೇಶದಾದ್ಯಂತ ನಿಂತಿತು, ಆಫ್ರಿಕಾಕ್ಕೂ ಹೋಯಿತು. ಬೇಗ ಕೆಡದ ಪಂಪು ಸಿಕ್ಕಿತು. ಆದರೆ ಯಾವ ಪಂಪೂ ಕೆಡದೆ ಇರುವುದಿಲ್ಲವಾದ್ದರಿಂದ ಎರಡನೆಯ ಪ್ರಶ್ನೆ ಹಾಗೇ ಉಳಿಯಿತು: ಕೆಟ್ಟಾಗ ಮುಟ್ಟುವವರು ಯಾರು?

ಇಲ್ಲಿ ಒಂದು ಬಳೆಯಷ್ಟಗಲದ ವಾಷರು ಇಡೀ ವ್ಯವಸ್ಥೆಯ ಕೀಲಿಯಾಗಿ ನಿಲ್ಲುತ್ತದೆ. ಮಾರ್ಕ್ 2ರ ಸಿಲಿಂಡರು ನೆಲದಾಳದಲ್ಲಿ, ನೀರೊಳಗೆ ಇರುತ್ತದೆ. ಅದರೊಳಗಿನ ಬಟ್ಟಲಿನಾಕಾರದ ವಾಷರು ಸವೆದರೆ ಪಂಪು ಎಷ್ಟು ಹೊಡೆದರೂ ನೀರು ಮೇಲೇರುವುದಿಲ್ಲ. ಬದಲಿಸಬೇಕೆಂದರೆ ಮೂರು ಮೂರು ಮೀಟರಿನ ಕಬ್ಬಿಣದ ಪೈಪುಗಳನ್ನೆಲ್ಲ ಒಂದೊಂದಾಗಿ ಕಳಚಿ ಮೇಲೆತ್ತಬೇಕು. ಅದಕ್ಕೆ ಐದಾರು ಆಳು, ವಿಶೇಷ ಸಲಕರಣೆ, ಅವನ್ನು ಹೊತ್ತು ತರಲು ಗಾಡಿ. ಹಾಗಾಗಿ ಊರಿನವರು ಅರ್ಜಿ ಕೊಟ್ಟು, ತಾಲ್ಲೂಕಿನ ತಂಡಕ್ಕಾಗಿ ವಾರ, ತಿಂಗಳುಗಟ್ಟಲೆ ಕಾಯಬೇಕು. ಮುಂದೆ ಬಂದ ಮಾರ್ಕ್ 3ರಲ್ಲಿ ಮಾಡಿದ ಬದಲಾವಣೆ ನೋಡಲು ಅತಿ ಸಣ್ಣದು. ಮೇಲಿನ ಪೈಪನ್ನು ಸಿಲಿಂಡರಿಗಿಂತ ಕೊಂಚ ಅಗಲ ಮಾಡಿದರು. ಆಗ ಪೈಪು ಇದ್ದಲ್ಲೇ ಇರುತ್ತದೆ; ಒಳಗಿನ ಸರಳನ್ನು ಎಳೆದರೆ ಪಿಸ್ಟನ್ನೇ ಮೇಲೆ ಬರುತ್ತದೆ; ಊರಿನ ಇಬ್ಬರು ಮೂವರೇ ವಾಷರು ಬದಲಿಸಿ ಮತ್ತೆ ಇಳಿಸಬಹುದು. ಯಂತ್ರವನ್ನು ರೂಪಿಸುವಾಗ ಅದನ್ನು ಸರಿಪಡಿಸುವ ಮನುಷ್ಯನನ್ನು ಎಲ್ಲಿ ಕಲ್ಪಿಸಿಕೊಂಡಿದ್ದಾರೆ, ಊರಿನಲ್ಲೋ ತಾಲ್ಲೂಕು ಕಚೇರಿಯಲ್ಲೋ, ಎಂಬುದು ಆ ಊರು ಬಾಯಾರಿ ಕಾಯುವ ದಿನಗಳನ್ನು ನಿರ್ಧರಿಸುತ್ತದೆ. ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಹುಟ್ಟಿ ಮುಂದೆ ಬೇರ್‌ಫುಟ್ ಕಾಲೇಜು ಎಂದು ಹೆಸರಾದ ಸಂಸ್ಥೆ ಇದೇ ಕಾಲದಲ್ಲಿ ಹಳ್ಳಿಯ ಯುವಕರಿಗೆ ತರಬೇತಿ ಕೊಟ್ಟು, ಊರಿನ ಪಂಪಿಗೆ ಊರಿನವನೇ ಮೇಸ್ತ್ರಿಯಾಗಬಲ್ಲ ಎಂದು ತೋರಿಸಿತು. ಮೂರು ಹಂತದ ಅಧಿಕಾರಶ್ರೇಣಿ ಮಾಡುತ್ತಿದ್ದ ಕೆಲಸಕ್ಕೆ ಪಾನಾ ಹಿಡಿದ, ಸೈಕಲ್ಲು ತುಳಿಯುವ ಒಬ್ಬ ಮನುಷ್ಯ ಸಾಕಾದ.

ಓದಿದವರೂ ಕೈಕೆಲಸ ಕಲಿಯಲಿ ಎಂಬ ಮಾತಿಗೆ ಬರುವ ಮೊದಲ ಆಕ್ಷೇಪ ಅರ್ಥಶಾಸ್ತ್ರದ್ದು. ಯಾರು ಯಾವುದರಲ್ಲಿ ನುರಿತವರೋ ಅವರು ಅದನ್ನೇ ಮಾಡಲಿ. ಸಾಫ್ಟ್‌ವೇರ್ ಎಂಜಿನಿಯರು ಭಾನುವಾರ ನಲ್ಲಿ ಬಿಚ್ಚಿ ಕೂರುವುದಕ್ಕಿಂತ ಆ ಎರಡು ಗಂಟೆಯ ಸಂಪಾದನೆಯನ್ನು ದಾನ ಮಾಡಿದರೆ ನಾಲ್ಕು ಪ್ಲಂಬರುಗಳನ್ನು ಕರೆಸಬಹುದಲ್ಲ ಎಂಬ ಪ್ರಶ್ನೆ. ಲೆಕ್ಕ ತಪ್ಪಿಲ್ಲ. ಆದರೆ ಕರೆದರೆ ಪ್ಲಂಬರು ಬರುತ್ತಾನೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಸಮುದಾಯದ ಸೊತ್ತಿನ ರಿಪೇರಿಗಳು ಬಹುಪಾಲು ತೀರ ಸಣ್ಣವು, ಚದುರಿಹೋದವು, ಹೇಳಿಕೊಳ್ಳುವ ವಾರಸುದಾರರಿಲ್ಲದವು. ಶಾಲೆಯ ನಲ್ಲಿಯೊಂದು ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿ. ಹತ್ತು ಹನಿಗೆ ಒಂದು ಮಿಲಿಲೀಟರು ಎಂದು ಹಿಡಿದರೂ ಎಂಟೂವರೆ ಲೀಟರು ಮೀರುತ್ತದೆ, ತಿಂಗಳಿಗೆ ಇನ್ನೂರೈವತ್ತು ಲೀಟರಿಗೂ ಹೆಚ್ಚು. ಅದನ್ನು ನಿಲ್ಲಿಸಲು ಬೇಕಾದದ್ದು ಕೆಲವೇ ರೂಪಾಯಿಯ ರಬ್ಬರು ಬಿಲ್ಲೆ. ಆ ಬಿಲ್ಲೆಗಾಗಿ ಹದಿನೈದು ಕಿಲೋಮೀಟರ್ ದೂರದಿಂದ ಬರುವ ಕೆಲಸಗಾರ ತನ್ನ ಅರ್ಧ ದಿನದ ಕೂಲಿ ಕೇಳಲೇಬೇಕು, ಕೇಳುವುದು ನ್ಯಾಯವೂ ಹೌದು. ಅಷ್ಟು ಕೊಡಲು ಮುಖ್ಯೋಪಾಧ್ಯಾಯರ ಬಳಿ ಹಣವಿಲ್ಲ. ಅಷ್ಟಕ್ಕಾಗಿ ಅರ್ಜಿ ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಹಾಗಾಗಿ ನಲ್ಲಿ ಸೋರುತ್ತಲೇ ಇರುತ್ತದೆ, ಎಲ್ಲ ನಲ್ಲಿಗಳೂ ಕೆಟ್ಟು ‘ದುರಸ್ತಿ ಕಾಮಗಾರಿ’ ಎಂಬ ಟೆಂಡರು ಆಗುವವರೆಗೆ. ಬಿಡಿಭಾಗದ ಬೆಲೆಗಿಂತ ಬಂದುಹೋಗುವ ಖರ್ಚೇ ಹೆಚ್ಚಾದ ಕೆಲಸವನ್ನು ಮಾರುಕಟ್ಟೆ ಮುಟ್ಟುವುದಿಲ್ಲ, ಸರ್ಕಾರವೂ ಮುಟ್ಟುವುದಿಲ್ಲ. ಅಲ್ಲಿಗೆ ಹತ್ತಿರದ ಕೈಯೇ ಗತಿ. ವಿಶೇಷಜ್ಞತೆಯ ವಾದ ಹೃದಯದ ಶಸ್ತ್ರಚಿಕಿತ್ಸೆಗೆ ಹೊಂದುತ್ತದೆ; ಬೆರಳು ಕೊಯ್ದುಕೊಂಡಾಗ ಬಟ್ಟೆ ಸುತ್ತುವುದಕ್ಕೆ ಹೊಂದುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ಜನರೇ ರಿಪೇರಿ ಮಾಡಿಕೊಳ್ಳತೊಡಗಿದರೆ ಪಂಚಾಯಿತಿ, ಇಲಾಖೆಗಳು ಕೈತೊಳೆದುಕೊಳ್ಳುವುದಿಲ್ಲವೇ? ಈ ಭಯಕ್ಕೆ ಆಧಾರವಿದೆ. ‘ಜನರ ಸಹಭಾಗಿತ್ವ’ ಎಂಬ ಮಾತಿನ ಮರೆಯಲ್ಲಿ ಹೊಣೆ ಜಾರಿಸಿದ ಉದಾಹರಣೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಏನೂ ಅರಿಯದ ಪ್ರಜೆ ಸರ್ಕಾರವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತಾನೆಯೇ? ಗ್ರಾಮಸಭೆಯಲ್ಲಿ ‘ನೀರು ಬರುತ್ತಿಲ್ಲ’ ಎನ್ನುವವನಿಗೆ ‘ಮೇಲಕ್ಕೆ ಬರೆದಿದ್ದೇವೆ’ ಎಂಬ ಉತ್ತರ ಸಾಕಾಗುತ್ತದೆ. ‘ಎರಡು ಗೇಜುಗಳ ನಡುವೆ ಇಷ್ಟು ವ್ಯತ್ಯಾಸವಿದೆ, ಕಾರ್ಟ್ರಿಜ್ ಬದಲಿಸಿ ಎಷ್ಟು ತಿಂಗಳಾಯಿತು, ನಿರ್ವಹಣೆಯ ಗುತ್ತಿಗೆದಾರನಿಗೆ ಬಿಲ್ಲು ಪಾಸಾದದ್ದು ಯಾವಾಗ’ ಎಂದು ಕೇಳುವವಳಿಗೆ ಆ ಉತ್ತರ ನಡೆಯುವುದಿಲ್ಲ. ಕೈಕೆಲಸದ ಅರಿವು ಕೈಗಷ್ಟೇ ಸೇರಿದ್ದಲ್ಲ. ಪ್ರಶ್ನೆ ಕೇಳುವ ನಾಲಿಗೆಗೂ ಅದು ಧೈರ್ಯ ಕೊಡುತ್ತದೆ. ಹೊಣೆಯನ್ನು ಹಂಚುವ ಗೆರೆಯನ್ನೂ ಕೈಪಂಪಿನ ಅನುಭವವೇ ಎಳೆದುಕೊಟ್ಟಿದೆ. ಸವೆದ ವಾಷರು ಊರಿನದು. ಕುಸಿದ ಕೊಳವೆಬಾವಿ ಸರ್ಕಾರದ್ದು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ಮನೆಮನೆಗೆ ನಲ್ಲಿ ಹಾಕುವ ಗುರಿಯಿಂದ ಹೊರಟು, ಆಮೇಲೆ ‘ನಲ್ ಜಲ್ ಮಿತ್ರ’ ಎಂಬ ಹೆಸರಿನಲ್ಲಿ ಊರಿನವರಿಗೇ ಪ್ಲಂಬಿಂಗು, ವಿದ್ಯುತ್ತು, ಪಂಪಿನ ಕೆಲಸ ಕಲಿಸುವ ಕಾರ್ಯಕ್ರಮಕ್ಕೆ ಬಂದು ತಲುಪಿದ್ದು ಆಕಸ್ಮಿಕವಲ್ಲ. ನಲ್ಲಿಯ ಜೊತೆಗೆ ನಲ್ಲಿ ಬಲ್ಲವರನ್ನೂ ಕೊಡದಿದ್ದರೆ ಕೊಟ್ಟದ್ದು ಉಳಿಯುವುದಿಲ್ಲ ಎಂಬ ತಿಳಿವಳಿಕೆ ಸರ್ಕಾರಕ್ಕೂ ಬರಲೇಬೇಕಾಯಿತು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಜಾತಿಯದು. ಕೈಕೆಲಸವನ್ನು ಹೊಗಳುವ ಹಕ್ಕು ಅದನ್ನು ಬಿಟ್ಟುಬಿಡುವ ಅವಕಾಶ ಇದ್ದವರಿಗೇ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ರಿಪೇರಿಯ ವ್ಯವಸ್ಥೆ ಇರಲಿಲ್ಲವೆಂದಲ್ಲ. ಆಯಗಾರರ ಪದ್ಧತಿಯಲ್ಲಿ ಕಮ್ಮಾರ ಕುಳವನ್ನು ತಟ್ಟಿಕೊಡುತ್ತಿದ್ದ, ಬಡಗಿ ಗಾಡಿಯ ಚಕ್ರಕ್ಕೆ ಹೊಸ ಅರೆಕಾಲು ಕೂರಿಸುತ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಆಯ ಒಯ್ಯುತ್ತಿದ್ದರು. ಕರೆದಾಗ ಬರುವ, ಊರಿಗೇ ಸೇರಿದ ಕುಶಲಿಗಳ ಆ ಜಾಲವನ್ನು ನೆನೆದು ಹಲುಬುವವರು ಅದರ ಇನ್ನೊಂದು ಮುಖವನ್ನು ಮರೆಯಬಾರದು. ಕೆಲಸ ಹುಟ್ಟಿನಿಂದ ಅಂಟಿಕೊಳ್ಳುತ್ತಿತ್ತು; ಬಿಡುವಂತಿರಲಿಲ್ಲ; ಕೂಲಿ ಎಷ್ಟೆಂದು ಹೇಳುವ ಬಾಯಿ ಬೇರೆಯವರದಾಗಿತ್ತು. ಹನ್ನೆರಡನೆಯ ಶತಮಾನದ ಶರಣರು ಈ ಗಂಟಿಗೇ ಕೈಹಾಕಿದವರು. ಸೂಜಿಕಾಯಕದ ರಾಮಿತಂದೆ, ನುಲಿಯ ಚಂದಯ್ಯ, ಮೇದರ ಕೇತಯ್ಯ ಮುಂತಾದವರ ಹೆಸರುಗಳಲ್ಲಿ ಕೆಲಸ ಗೌರವದ ಗುರುತಾಗಿ ನಿಂತಿತು. ಅವರಲ್ಲಿ ಕಾಯಕ ಮತ್ತು ದಾಸೋಹ ಜೋಡಿಪದಗಳು. ದುಡಿದ ಕೈಯಿಂದ ಬಂದದ್ದೇ ಹಂಚಲು ಯೋಗ್ಯ. ನಾವು ಆ ಜೋಡಿಯನ್ನು ಬೇರ್ಪಡಿಸಿ, ದಾಸೋಹವನ್ನು ಉಳ್ಳವರಿಗೂ ಕಾಯಕವನ್ನು ಇಲ್ಲದವರಿಗೂ ಹಂಚಿಬಿಟ್ಟಿದ್ದೇವೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯಲ್ಲಿ ಕೈಯೂ ಬಾಯಿಯೂ ಒಬ್ಬರದೇ. ಸಮಾಜದಲ್ಲಿ ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು. ಆದ್ದರಿಂದ ಈ ಆಕ್ಷೇಪವನ್ನು ತಳ್ಳಿಹಾಕದೆ, ಅದನ್ನೇ ವಾದದೊಳಕ್ಕೆ ತಂದುಕೊಳ್ಳಬೇಕು. ಓದಿದವರ ಮನೆಗಳಲ್ಲಿ ಕೈಕೆಲಸ ಇಲ್ಲದಿರುವುದು ಬರೀ ಬಿಡುವಿಲ್ಲದ್ದರಿಂದ ಬಂದ ಕೊರತೆಯಲ್ಲ. ತಲೆಯ ಕೆಲಸ ಮೇಲು, ಕೈಯ ಕೆಲಸ ಕೀಳು ಎಂದು ತಲೆಮಾರುಗಳಿಂದ ಕಲಿತ ಪಾಠದ ಫಲ. ಕಲಿಯುವ ಆಸೆ ಪ್ರಾಮಾಣಿಕವಾದರೆ ಅದು ಆ ಪಾಠವನ್ನು ಮರೆಯುವ ಆಸೆಯೂ ಆಗಿರಬೇಕು.

ಹುಟ್ಟಿನ ಗೆರೆಯನ್ನು ದಾಟಿದ ಕೈಕೆಲಸ ಏನು ಮಾಡಬಲ್ಲದು ಎಂಬುದಕ್ಕೆ ಉತ್ತರ ಪ್ರದೇಶದ ಬಾಂದಾ ಜಿಲ್ಲೆ ಒಳ್ಳೆಯ ಸಾಕ್ಷಿ. 1989ರಲ್ಲಿ ಕರ್ನಾಟಕ, ಉತ್ತರ ಪ್ರದೇಶ, ಗುಜರಾತುಗಳಲ್ಲಿ ಒಟ್ಟಿಗೆ ಆರಂಭವಾದ ಮಹಿಳಾ ಸಮಾಖ್ಯಾ ಕಾರ್ಯಕ್ರಮದಡಿ, ಅಲ್ಲಿನ ದಲಿತ ಮತ್ತು ಕೋಲ್ ಸಮುದಾಯದ ಹೆಂಗಸರು ಕೈಪಂಪು ರಿಪೇರಿ ಕಲಿತರು. ಅನೇಕರಿಗೆ ಓದುಬರಹ ಬರುತ್ತಿರಲಿಲ್ಲ. ನೀರು ಹೊರುವುದು ಹೆಂಗಸರ ಪಾಲು, ಪಂಪು ಮುಟ್ಟುವುದು ಗಂಡಸಿನ ಪಾಲು ಎಂಬ ಹಂಚಿಕೆಯನ್ನೂ, ಯಾರು ಮುಟ್ಟಿದರೆ ನೀರು ಮೈಲಿಗೆ ಎಂಬ ಕಟ್ಟುಪಾಡನ್ನೂ ಒಂದೇ ಪಾನಾ ಅಲುಗಾಡಿಸಿತು. ಮೇಲ್ಜಾತಿಯ ಕೇರಿಯ ಪಂಪು ಕೆಟ್ಟಾಗಲೂ ಬರಬೇಕಾದವರು ಅವರೇ ಆದರು. ರಿಪೇರಿಯ ವಿದ್ಯೆ ಯಾರ ಕೈಯಲ್ಲಿದೆಯೋ ಅವರ ಕಡೆಗೆ ಊರಿನ ಮುಖ ಕೊಂಚವಾದರೂ ತಿರುಗುತ್ತದೆ. ಆದರೆ ಇದೇ ಜಾಗದಲ್ಲಿ ಒಂದು ಗೆರೆಯನ್ನೂ ಎಳೆಯಬೇಕು. ಮಲಗುಂಡಿ, ಮ್ಯಾನ್‌ಹೋಲುಗಳಿಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಸಾವುಗಳು ನಿಂತಿಲ್ಲ. ಅಲ್ಲಿ ಬೇಕಾದದ್ದು ಕೈಕೆಲಸದ ಮಹಿಮೆಯ ಭಾಷಣವಲ್ಲ, ಯಂತ್ರ. ಎಲ್ಲ ದುಡಿಮೆಯೂ ಪವಿತ್ರ ಎಂಬ ಸವಿಮಾತು ಕೆಲವು ಕ್ರೌರ್ಯಗಳಿಗೆ ಹೊದಿಕೆಯಾಗಿದೆ. ರಿಪೇರಿಯನ್ನು ಗೌರವಿಸುವವರು ಯಾವ ಕೆಲಸವನ್ನು ಯಾವ ಮನುಷ್ಯನೂ ಮಾಡಬಾರದು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಹವ್ಯಾಸಿಗಳು ಕಲಿತರೆ ವೃತ್ತಿಯವರ ಹೊಟ್ಟೆಯ ಮೇಲೆ ಹೊಡೆದಂತಾಗದೇ ಎಂದು ಕೇಳಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಸಂದಿಗಳಲ್ಲಿ, ಪ್ರತಿ ತಾಲ್ಲೂಕು ಕೇಂದ್ರದ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿಗಳಲ್ಲಿ ಬದುಕುತ್ತಿರುವ ಸಾವಿರಾರು ಜನರನ್ನು ಕಂಡು ಹುಟ್ಟುವ ನ್ಯಾಯವಾದ ಅಳುಕು ಇದು. ಆದರೆ ಅವರ ನಿಜವಾದ ಎದುರಾಳಿ ಯಾರು ಎಂದು ನೋಡಬೇಕು. ಮಿಕ್ಸಿಯ ಜಾರು ತಿರುಗದಾದಾಗ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಮಿಕ್ಸಿ ಹೋಯಿತು ಎಂಬ ತೀರ್ಪು, ಆಮೇಲೆ ಎಕ್ಸ್‌ಚೇಂಜ್ ಆಫರು. ಜಾರಿನ ಕೆಳಗಿರುವ ಹೂವಿನಾಕಾರದ ಪ್ಲಾಸ್ಟಿಕ್ಕಿನ ಕಪ್ಲರು ಹಲ್ಲು ಸವೆದು ಜಾರುತ್ತಿದೆ, ಮೋಟಾರು ಗಟ್ಟಿಮುಟ್ಟಾಗಿದೆ ಎಂದು ಬಲ್ಲವರು ಮಾತ್ರ ಅದನ್ನು ಅಂಗಡಿಗೆ ಒಯ್ಯುತ್ತಾರೆ. ಕೋಲಿನಿಂದ ತಳ್ಳಿದರೆ ಮಾತ್ರ ತಿರುಗತೊಡಗುವ ಫ್ಯಾನಿನಲ್ಲಿ ಹೋಗಿರುವುದು ಬಹುಮಟ್ಟಿಗೆ ಕೆಪಾಸಿಟರು ಎಂದು ತಿಳಿದವರು ಫ್ಯಾನನ್ನು ಗುಜರಿಗೆ ಹಾಕುವುದಿಲ್ಲ. ಸಂಗೀತ ಕಲಿತವರು ಹೆಚ್ಚಿದಷ್ಟೂ ಕಛೇರಿಗೆ ಜನ ಹೆಚ್ಚುವಂತೆ, ರಿಪೇರಿ ಬಲ್ಲ ಊರಿನಲ್ಲಿ ರಿಪೇರಿಯವನಿಗೂ ಗಿರಾಕಿ ಹೆಚ್ಚು. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್‌ಮಾ ಎಂಬ ಪತ್ರಕರ್ತೆ ಶುರುಮಾಡಿದ ರಿಪೇರಿ ಕೆಫೆಯ ಕಲ್ಪನೆ 2015ರಲ್ಲಿ ಬೆಂಗಳೂರಿಗೂ ಬಂತು. ಪೂರ್ಣಾ ಸರ್ಕಾರ್ ಮತ್ತು ಅಂತರಾ ಮುಖರ್ಜಿ ಅದನ್ನು ಇಲ್ಲಿ ಆರಂಭಿಸಿದರು. ಕೆಟ್ಟ ವಸ್ತುವನ್ನು ಕೊಟ್ಟು ಟೋಕನ್ ಪಡೆದು ಹೋಗುವ ಜಾಗವಲ್ಲ ಅದು. ತಂದವರೂ ಪಕ್ಕದಲ್ಲೇ ಕೂತು ಬಿಚ್ಚುವುದನ್ನು ನೋಡುತ್ತಾರೆ, ಕೈಜೋಡಿಸುತ್ತಾರೆ. ಇದನ್ನು ಇನ್ನೊಂದು ಹೆಜ್ಜೆ ಮುಂದೊಯ್ದು, ನಮ್ಮ ಬೀದಿಯ ರಿಪೇರಿಯವರನ್ನೇ ಸಂಭಾವನೆ ಕೊಟ್ಟು ಗುರುಗಳಾಗಿ ಕೂರಿಸಿದರೆ, ಅವರ ಹೊಟ್ಟೆಗೂ ಹೆಸರಿಗೂ ಒಳ್ಳೆಯದೇ ಆದೀತು.

ಇಷ್ಟೆಲ್ಲ ಕಲಿತರೂ ಬಿಚ್ಚಲಾಗದ ಹಾಗೆ ಅಂಟಿಸಿದ ವಸ್ತುಗಳ ಎದುರು ಏನು ಮಾಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ಮೊಬೈಲಿನ ಬ್ಯಾಟರಿ ಅಂಟಿನಲ್ಲಿ ಕೂತಿದೆ, ಹೊಸ ಟ್ರ್ಯಾಕ್ಟರಿನ ದೋಷ ಕಂಪನಿಯ ಕಂಪ್ಯೂಟರಿಗೆ ಮಾತ್ರ ಅರ್ಥವಾಗುತ್ತದೆ, ಬಿಡಿಭಾಗ ಹೊರಗೆ ಸಿಗುವುದಿಲ್ಲ. ಮಾರ್ಕ್ 2 ಮತ್ತು ಮಾರ್ಕ್ 3ರ ನಡುವಿನ ವ್ಯತ್ಯಾಸವೇ ಇಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ: ವಿನ್ಯಾಸ ಮಾಡುವವನು ರಿಪೇರಿಯವನನ್ನು ಹೊರಗಿಟ್ಟಿದ್ದಾನೆ. ಇದಕ್ಕೆ ಉತ್ತರ ಕಾನೂನಿನಿಂದ ಬರಬೇಕು, ಬರುತ್ತಲೂ ಇದೆ. ಫ್ರಾನ್ಸ್ 2021ರಿಂದ ಕೆಲವು ವಸ್ತುಗಳ ಮೇಲೆ ಅವು ಎಷ್ಟು ರಿಪೇರಿಯೋಗ್ಯ ಎಂಬ ಅಂಕವನ್ನು ಹತ್ತಕ್ಕೆ ಇಷ್ಟೆಂದು ನಮೂದಿಸುವುದನ್ನು ಕಡ್ಡಾಯ ಮಾಡಿತು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಜಾಲತಾಣ ತೆರೆಯಿತು. ಅದರ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣಗಳೂ ಸೇರಿವೆ. ಆದರೆ ಹಕ್ಕು ಕೇಳುವುದಕ್ಕೂ ಅದರ ಅಗತ್ಯ ಕಂಡವರು ಬೇಕು. ಯಾವತ್ತೂ ಸ್ಕ್ರೂ ತಿರುಗಿಸದವರಿಗೆ ಸ್ಕ್ರೂ ಇಲ್ಲದ ಡಬ್ಬಿ ಅನ್ಯಾಯವೆನಿಸುವುದಿಲ್ಲ, ನುಣುಪೆನಿಸುತ್ತದೆ. ಅಪಾಯದ ಮಾತು ಬೇರೆ. ಟ್ರಾನ್ಸ್‌ಫಾರ್ಮರು, ಮೂರು ಫೇಸಿನ ಲೈನು, ಮೈಕ್ರೋವೇವಿನ ಒಳಭಾಗ ಇವು ಆಸೆಯಿಂದ ಮುಟ್ಟುವಂಥವಲ್ಲ. ಎಲ್ಲಿ ಕೈ ಹಿಂದಕ್ಕೆ ತೆಗೆದು ಲೈನ್‌ಮ್ಯಾನನ್ನು ಕರೆಯಬೇಕು ಎಂಬುದು ಈ ವಿದ್ಯೆಯ ಮೊದಲ ಪಾಠ. ಕಲಿಯದವರೇ ಹೆಚ್ಚಾಗಿ ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುವವರು.

ಕಲಿಯುವುದೆಲ್ಲಿ? 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಎಂಬ ಶಿಕ್ಷಣ ಯೋಜನೆಯನ್ನು ಮುಂದಿಟ್ಟಾಗ ಕೈಕೆಲಸವನ್ನು ಪಾಠಗಳ ಪಕ್ಕದಲ್ಲಿ ಕೂರಿಸಲಿಲ್ಲ, ಪಾಠಗಳನ್ನೇ ಅದರ ಮೂಲಕ ಕಲಿಸಬೇಕೆಂದರು. ಅದು ಬೇರೂರಲಿಲ್ಲ. 1977ರ ಈಶ್ವರಭಾಯಿ ಪಟೇಲ್ ಸಮಿತಿಯ ಶಿಫಾರಸಿನಿಂದ ಬಂದ ಎಸ್‌ಯುಪಿಡಬ್ಲ್ಯು, ಅಂದರೆ ಸಮಾಜೋಪಯೋಗಿ ಉತ್ಪಾದಕ ದುಡಿಮೆಯ ಪಾಠ, ಹೆಚ್ಚಿನ ಶಾಲೆಗಳಲ್ಲಿ ಬಿಡುವಿನ ಪೀರಿಯಡ್ಡಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಚೀಲವಿಲ್ಲದೆ ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಯಲು ಹೇಳುತ್ತದೆ. ಹತ್ತು ದಿನಕ್ಕೆ ವಿದ್ಯೆ ಬಾರದು, ಬೆರಗು ಬಂದೀತು. ದೊಡ್ಡವರಿಗಾದರೆ ಶಾಲೆಗಿಂತ ಹತ್ತಿರದ ಜಾಗವೊಂದಿದೆ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಪುಸ್ತಕದಂತೆಯೇ ಸಲಕರಣೆಯನ್ನೂ ಸಹಿ ಹಾಕಿ ಒಯ್ದು ಹಿಂದಿರುಗಿಸುವ ಒಂದು ಪೆಟ್ಟಿಗೆ ಅಲ್ಲಿರಬಾರದೇಕೆ? ಒಂದು ಪೈಪ್ ರೆಂಚು, ನಾಲ್ಕು ಪಾನಾ, ಇಕ್ಕಳ, ಟೆಸ್ಟರು, ಮಲ್ಟಿಮೀಟರು, ಪಂಕ್ಚರಿನ ಸಾಮಾನು, ಹತ್ತಾರು ಅಳತೆಯ ವಾಷರುಗಳು. ತಿಂಗಳಿಗೊಂದು ಸಂಜೆ ಊರಿನ ಬಲ್ಲವರಿಂದ ಒಂದು ಪಾಠ. ಐದಾರು ಕೆಲಸ ಕಲಿತರೆ ಸಾಕು; ಊರಿನ ದಿನನಿತ್ಯದ ಅರ್ಧ ಗೋಳು ಆ ಐದಾರು ಕೆಲಸಗಳಲ್ಲೇ ಇದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎನ್ನುತ್ತೇವೆ. ನಮ್ಮ ಊರುಗಳಲ್ಲಿ ಮಡಕೆ ಒಡೆಯುತ್ತಿರುವುದು ದೊಣ್ಣೆಯಿಂದಲ್ಲ. ಕೂದಲೆಳೆಯಷ್ಟು ಬಿರುಕನ್ನು ಯಾರೂ ನೋಡದೆ ವರ್ಷಗಟ್ಟಲೆ ಬಿಟ್ಟದ್ದರಿಂದ.

ಹಾಗಾಗಿ ಕೈಕೆಲಸ ಬಂದಿದ್ದರೆ ಎಂದು ಹಂಬಲಿಸುವವರಿಗೆ ಹೇಳಬೇಕಾದದ್ದು, ಆ ಹಂಬಲ ಬಿಡಬೇಡಿ, ಅದನ್ನು ಚಿಕ್ಕದು ಮಾಡಿಕೊಳ್ಳಿ ಎಂದು. ಊರನ್ನು ಉದ್ಧರಿಸುವ ಅಳತೆಯಿಂದ ಒಂದು ವಾಷರಿನ ಅಳತೆಗೆ ಇಳಿದಾಗ ಅದು ಕಲಿಯಬಹುದಾದದ್ದಾಗುತ್ತದೆ. ಕೊಡುವವರಿಗೆ ಹೇಳಬೇಕಾದದ್ದೂ ಒಂದಿದೆ. ಶಾಸನ ಬರೆಸಿದವರು ದೇಗುಲ ಕಟ್ಟಿದ ದಿನವೇ ಅದು ಬಿರಿಯುವ ದಿನಕ್ಕೂ ಗದ್ದೆ ಬಿಟ್ಟರು. ಮುಂದಿನ ನೀರಿನ ಘಟಕದ ಫಲಕದಲ್ಲಿ ಉದ್ಘಾಟಕರ ಹೆಸರಿನ ಕೆಳಗೆ ಇನ್ನೆರಡು ಸಾಲಿಗೆ ಜಾಗ ಬಿಡಿಸಿ: ಕಾರ್ಟ್ರಿಜ್ಜಿನ ಹಣ ಪ್ರತಿವರ್ಷ ಎಲ್ಲಿಂದ ಬರುತ್ತದೆ, ಮತ್ತು ಅದನ್ನು ಬದಲಿಸಲು ಈ ಊರಿನಲ್ಲಿ ಯಾರು ಯಾರು ಬಲ್ಲರು. ಎರಡನೆಯ ಸಾಲನ್ನು ಕಲ್ಲಿನಲ್ಲಿ ಕೊರೆಸುವುದು ಬೇಡ, ಸೀಮೆಸುಣ್ಣದಲ್ಲಿ ಬರೆದರಾಯಿತು. ಕಲಿತವರ ಹೆಸರು ಸೇರುತ್ತಾ ಹೋಗಬೇಕಲ್ಲ.